ಸೀಸದಕಡ್ಡಿಯ ಒಂದು ಹಾಳೆ

ಸೀಸದಕಡ್ಡಿಯಲ್ಲಿ ಸೀಸವಿಲ್ಲ. ಅದರೊಳಗಿನ ಕಪ್ಪು ವಸ್ತು ಜೇಡಿಮಣ್ಣಿನೊಡನೆ ಬೆರೆಸಿದ ಗ್ರಾಫೈಟ್, ಅಂದರೆ ಇಂಗಾಲದ ಒಂದು ರೂಪ. ಬರೆಯುವುದು ಎಂಬ ಅರ್ಥದ ಗ್ರೀಕ್ ಪದದಿಂದ ಆ ಹೆಸರು ಬಂದಿದೆ. ಭಾಷೆಯ ಅಧ್ಯಾಪಕರಾದ ನಾವು ಈ ವಿಷಯಕ್ಕೆ ಕೈಹಾಕಲು ಅಷ್ಟು ನೆಪ ಸಾಕು.

ಗ್ರಾಫೈಟಿನಲ್ಲಿ ಇಂಗಾಲದ ಪರಮಾಣುಗಳು ಜೇನುಗೂಡಿನ ಕಣ್ಣುಗಳಂತೆ ಆರು ಮೂಲೆಯ ಮನೆಗಳಾಗಿ ಹೆಣೆದುಕೊಂಡು ಹಾಳೆ ಹಾಳೆಯಾಗಿರುತ್ತವೆ. ಇಂಥ ಒಂದೇ ಒಂದು ಹಾಳೆಗೆ ಗ್ರಾಫೀನ್ ಎಂದು ಹೆಸರು. ಮ್ಯಾಂಚೆಸ್ಟರಿನ ಆಂದ್ರೆ ಗೈಮ್, ಕಾನ್‌ಸ್ಟಾಂಟಿನ್ ನೊವೊಸೆಲೊವ್ ಮತ್ತು ಸಂಗಡಿಗರು ಅಂಟುಪಟ್ಟಿಯಿಂದ ಗ್ರಾಫೈಟನ್ನು ಸುಲಿದು, ಅದರ ವಿದ್ಯುತ್ ಗುಣಗಳನ್ನು ಅಳೆದು 2004ರಲ್ಲಿ ಪ್ರಕಟಿಸಿದರು. 2010ರಲ್ಲಿ ಅವರಿಬ್ಬರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಆ ಹಾಳೆಯ ಮೈಮೇಲೆ ಬೇರೆ ಪರಮಾಣುಗಳನ್ನು ಕೂರಿಸುವ ಕಥೆ ನಮಗೆ ಅದಕ್ಕಿಂತ ಸ್ವಾರಸ್ಯವಾಗಿ ಕಾಣುತ್ತದೆ.

ಇಂಗಾಲಕ್ಕೆ ನಾಲ್ಕು ಕೈಗಳೆಂದು ಪಾಠದಲ್ಲಿ ಓದಿದ್ದೇವೆ. ಗ್ರಾಫೀನಿನಲ್ಲಿ ಮೂರು ಕೈಗಳು ಅಕ್ಕಪಕ್ಕದ ಮೂರು ಪರಮಾಣುಗಳನ್ನು ಬಿಗಿಯಾಗಿ ಹಿಡಿದಿರುತ್ತವೆ. ನಾಲ್ಕನೆಯ ಕೈಯ ಇಲೆಕ್ಟ್ರಾನು ಊರ ಗೋಮಾಳದಂತೆ ಎಲ್ಲರಿಗೂ ಸೇರಿದ್ದು. ಹಾಳೆಯ ಮೇಲೂ ಕೆಳಗೂ ಹರಡಿಕೊಂಡಿರುತ್ತದೆ. ವಿದ್ಯುತ್ತು ಸರಾಗವಾಗಿ ಹರಿಯುವುದು ಇದರಿಂದಲೇ. ಆದರೆ ಇಂಥ ಮೈಗೆ ನೀರಿನ ನಂಟು ಬೇಡ. ನೀರಿಗೆ ಹಾಕಿದರೆ ಹಾಳೆಗಳು ತಮ್ಮತಮ್ಮೊಳಗೇ ಅಂಟಿಕೊಂಡು ತಳಕ್ಕಿಳಿಯುತ್ತವೆ. ಅದನ್ನು ಬಣ್ಣದಲ್ಲಿ ಬೆರೆಸಬೇಕು, ಅದರ ಮೇಲೆ ಔಷಧವನ್ನು ಹೊರಿಸಬೇಕು ಎನ್ನುವವರಿಗೆ ಇದೇ ದೊಡ್ಡ ತೊಡಕು.

ಪರಿಹಾರದ ಬೀಜ ಬಹಳ ಹಿಂದಿನದು. 1859ರಲ್ಲಿಯೇ ಇಂಗ್ಲೆಂಡಿನ ಬೆಂಜಮಿನ್ ಬ್ರೋಡಿ ಎಂಬವರು ಗ್ರಾಫೈಟನ್ನು ಪೊಟಾಸಿಯಂ ಕ್ಲೋರೇಟ್ ಮತ್ತು ಹೊಗೆಯಾಡುವ ನೈಟ್ರಿಕ್ ಆಮ್ಲದೊಡನೆ ವರ್ತಿಸಗೊಟ್ಟು ಅದರೊಳಕ್ಕೆ ಆಮ್ಲಜನಕವನ್ನು ಸೇರಿಸಿದ್ದರು. 1958ರಲ್ಲಿ ಹಮ್ಮರ್ಸ್ ಮತ್ತು ಆಫ್ಮನ್ ಪ್ರಬಲ ಗಂಧಕಾಮ್ಲ, ಸೋಡಿಯಂ ನೈಟ್ರೇಟ್, ಪೊಟಾಸಿಯಂ ಪರ್ಮಾಂಗನೇಟ್ ಬಳಸುವ ಬೇಗನೆ ಮುಗಿಯುವ ಕ್ರಮವನ್ನು ತೋರಿಸಿದರು. ಮಿಶ್ರಣವನ್ನು ಮಂಜುಗಡ್ಡೆಯಲ್ಲಿಟ್ಟು ತಣ್ಣಗಿಡದಿದ್ದರೆ ಸಿಡಿಯುವ ಭಯವುಂಟು. ನಮ್ಮ ಶಾಲೆಯ ಪ್ರಯೋಗಶಾಲೆಯಲ್ಲಿ ಯಾರೂ ಇದನ್ನು ಪರೀಕ್ಷಿಸಕೂಡದು!

ಹೀಗೆ ದೊರೆಯುವ ಗ್ರಾಫೀನ್ ಆಕ್ಸೈಡಿನ ಬಯಲಿನಲ್ಲಿ ಆಮ್ಲಜನಕವೂ ಹೈಡ್ರಾಕ್ಸಿಲ್ ಗುಂಪುಗಳೂ ಕೂತಿರುತ್ತವೆ. ಅಂಚಿನಲ್ಲಿ ಕಾರ್ಬಾಕ್ಸಿಲ್ ಗುಂಪುಗಳಿರುತ್ತವೆ. ವಿನೆಗರಿಗೆ ಹುಳಿ ಕೊಡುವ ಗುಂಪೂ ಇದೇ. ಇವೆಲ್ಲ ನೀರಿಗೆ ಪ್ರಿಯವಾದವು. ಹಾಳೆಗಳು ನೀರಿನಲ್ಲಿ ಚೆನ್ನಾಗಿ ಹರಡಿ ಕಂದುಬಣ್ಣದ ದ್ರವವಾಗುತ್ತವೆ. ಅಂಚಿನ ಕಾರ್ಬಾಕ್ಸಿಲಿಗೆ ಬೇಕಾದ ಬೇರೆ ಅಣುಗಳನ್ನೂ ಜೋಡಿಸಬಹುದು.

ಇದಕ್ಕೆ ತೆರಬೇಕಾದ ಬೆಲೆಯೂ ಉಂಟು. ಆಮ್ಲಜನಕವನ್ನು ಹಿಡಿಯಲು ಇಂಗಾಲ ಆ ನಾಲ್ಕನೆಯ ಕೈಯನ್ನೇ ಚಾಚಬೇಕು. ಗೋಮಾಳದಲ್ಲಿ ಅಲ್ಲಲ್ಲಿ ಬೇಲಿ ಬಿದ್ದಂತಾಗಿ ವಿದ್ಯುತ್ತಿನ ದಾರಿ ಮುಚ್ಚುತ್ತದೆ. ಹೈಡ್ರಜೀನಿನಂಥ ಅಪಕರ್ಷಕಗಳಿಂದ ಆಮ್ಲಜನಕವನ್ನು ಬಹುಪಾಲು ತೆಗೆಯಬಹುದು. ಆದರೆ ಆಮ್ಲದ ಹೊಡೆತಕ್ಕೆ ಹಾಳೆಯಲ್ಲಿ ಬಿದ್ದ ತೂತುಗಳು ಉಳಿದೇ ಉಳಿಯುತ್ತವೆ. ಜಲಜನಕದ ಮಾತು ಬೇರೆ. ಗ್ರಾಫೀನಿಗೆ ಜಲಜನಕವನ್ನು ಕೂಡಿಸಿ, ಮತ್ತೆ ಕಾಯಿಸಿ ಬಿಡಿಸಿದಾಗ ಹಳೆಯ ಗುಣಗಳು ಮರಳಿದ್ದನ್ನು 2009ರಲ್ಲಿ ಮ್ಯಾಂಚೆಸ್ಟರಿನವರೇ ತೋರಿಸಿದರು.

ಕೈ ಹಿಡಿಯದೆ ಸುಮ್ಮನೆ ಒರಗಿಕೊಳ್ಳುವ ನಂಟೂ ಇದೆ. ಪೈರೀನ್ ಎಂಬ ಚಪ್ಪಟೆ ಅಣುವಿನಲ್ಲಿಯೂ ಅದೇ ಆರು ಮೂಲೆಯ ಮನೆಗಳಿವೆ. ಅದು ಹಾಳೆಯ ಮೇಲೆ ಚಾಪೆಯಂತೆ ಮಲಗುತ್ತದೆ. ಅದರ ಬಾಲಕ್ಕೆ ಬೇಕಾದ ಗುಂಪನ್ನು ಕಟ್ಟಬಹುದು. ಇಲ್ಲಿ ಹೊಸ ಬಂಧವಿಲ್ಲದ ಕಾರಣ ಹಾಳೆಯ ವಿದ್ಯುತ್ತಿನ ದಾರಿ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಹಿಡಿತ ಮಾತ್ರ ಅಷ್ಟು ಬಿಗಿಯಲ್ಲ. ತಕ್ಕ ದ್ರಾವಕದಲ್ಲಿ ತೊಳೆದರೆ ಕಳಚಿಹೋಗಲೂಬಹುದು.