ಒಂದು ಸಹಿ ಹಾಕೋಕೇನು ಕಷ್ಟ, ಭಾವ?

ಗೃಹಪ್ರವೇಶದ ಪತ್ರಿಕೆ ಹಂಚಿಯಾದ ಮೇಲೆ ಕರೆಂಟಿನ ಕಂಪ್ಲೀಷನ್ ರಿಪೋರ್ಟ್ ನೆನಪಾಗುವುದು ನಮ್ಮ ಕಡೆ ವಾಡಿಕೆ. ನನ್ನ ಬಾಮೈದನೂ ಹಾಗೇ ಬಂದ. ವೈರಿಂಗ್ ಮಾಡಿಸಿದ್ದು ಗಾರೆ ಮೇಸ್ತ್ರಿ ಕರೆತಂದ ಹುಡುಗನ ಕೈಲಿ. ಸಹಿಗೆ ಮಾತ್ರ ಲೈಸೆನ್ಸ್ ಇರುವ ಭಾವ ಬೇಕು. ಫಾರಂ ಅವನೇ ತಂದಿದ್ದ. ಜೆರಾಕ್ಸ್ ಪ್ರತಿ. ಇನ್ಸುಲೇಷನ್ 50 ಮೆಗಾ ಓಮ್, ಅರ್ತ್ 1 ಓಮ್ ಅಂತ ಮೊದಲೇ ತುಂಬಿತ್ತು. ಹೆಸರು, ವಿಳಾಸ, ತಾರೀಕಿನ ಜಾಗ ಮಾತ್ರ ಖಾಲಿ. ಯಾವುದೋ ಮನೆಯಲ್ಲಿ ಯಾರೋ ಅಳೆದ, ಬಹುಶಃ ಅಳೆಯದೇ ಬರೆದ ಅಂಕಿಗಳು ಊರೆಲ್ಲ ಸುತ್ತುತ್ತಿವೆ.

ನಿಯಮ ಗೊತ್ತಿಲ್ಲದ ವಿಷಯವೇನಲ್ಲ. ಬಲ್ಬು, ಫ್ಯಾನು, ಫ್ಯೂಸ್ ಬದಲಿಸುವಂಥ ಚಿಲ್ಲರೆ ಕೆಲಸ ಬಿಟ್ಟರೆ, ವೈರಿಂಗ್ ಹಿಡಿಯಬೇಕಾದ್ದು ಲೈಸೆನ್ಸ್ ಇರುವ ಗುತ್ತಿಗೆದಾರ, ಸರ್ಟಿಫಿಕೇಟ್ ಇರುವ ಸೂಪರ್‌ವೈಸರ್, ಪರ್ಮಿಟ್ ಇರುವ ವೈರ್‌ಮನ್. ನಾಳೆ ಯಾರಿಗಾದರೂ ಶಾಕ್ ಹೊಡೆದು ಹೆಚ್ಚುಕಮ್ಮಿಯಾದರೆ 2003ರ ವಿದ್ಯುತ್ ಕಾಯ್ದೆಯ 161ನೇ ಕಲಮಿನಡಿ ವಿಚಾರಣೆಗೆ ವಿದ್ಯುತ್ ಪರಿವೀಕ್ಷಕರು ಬರಬಹುದು. ಆಗ ರಿಪೋರ್ಟಿನಲ್ಲಿರುವುದು ಮೇಸ್ತ್ರಿಯ ಹೆಸರಲ್ಲ, ನನ್ನದು.

ಭಾನುವಾರ ಇನ್ಸುಲೇಷನ್ ಅಳೆಯುವ ಮೆಗರ್ ಹಿಡಿದು ಹೋದೆ. ಅತ್ತೆ, ನನ್ನ ಹೆಂಡತಿ, ಬಣ್ಣದವರು, ಟೈಲ್ಸ್‌ನವರು ಎಲ್ಲರೂ ಅಲ್ಲೇ ಇದ್ದರು. ನಾನು ಪೆಟ್ಟಿಗೆ ಬಿಚ್ಚುವ ಮುಂಚೆಯೇ ವೈರಿಂಗ್ ಹುಡುಗ ಹೋಲ್ಡರಿಗೆ ಬಲ್ಬು ಸಿಕ್ಕಿಸಿ, ಒಂದು ವೈರು ಫೇಸಿಗೆ, ಇನ್ನೊಂದು ಅರ್ತಿಗೆ ಕೊಟ್ಟ. ಬಲ್ಬು ಝಗ್ಗಂತ ಉರಿಯಿತು. "ಅರ್ತ್ ಸೂಪರ್ ಇದೆ ಸಾರ್." ಬಾಮೈದ ನನ್ನ ಮುಖ ನೋಡಿದ, ಇನ್ನೇನು ಬೇಕು ಅನ್ನುವ ಹಾಗೆ.

ಡಿಬಿ, ಅಂದರೆ ಮನೆಯ ವಿತರಣಾ ಪೆಟ್ಟಿಗೆ ತೆಗೆದು, ಕರೆಂಟು ಸೋರಿದರೆ ಸಪ್ಲೈ ಕಡಿಯುವ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿದೆ. ಟಕ್ ಅಂತ ಬೀಳಬೇಕಿತ್ತು. ಬೀಳಲಿಲ್ಲ, ಹಾಲಿನ ಲೈಟು ಉರಿಯುತ್ತಲೇ ಇತ್ತು. ಬಿಚ್ಚಿದರೆ ಅದಕ್ಕೆ ವೈರೇ ಹೋಗಿಲ್ಲ, ಮೇನಿನಿಂದ ನೇರ ಎಂಸಿಬಿಗೆ. "ಪದೇ ಪದೇ ಬೀಳ್ತಿತ್ತು ಸಾರ್, ಬೈಪಾಸ್ ಮಾಡ್ದೆ." ಯಾಕೆ ಬೀಳುತ್ತಿತ್ತು ಅಂತ ಅವನು ಕೇಳಿಕೊಂಡಿರಲಿಲ್ಲ. ಮೇನ್ ಇಳಿಸಿ, ಬಲ್ಬುಗಳನ್ನೆಲ್ಲ ಕಳಚಿ ಮೆಗರ್ ತಿರುಗಿಸಿದೆ. 500 ವೋಲ್ಟ್ ಕೊಟ್ಟಾಗ ಕನಿಷ್ಠ 1 ಮೆಗಾ ಓಮ್ ತೋರಿಸಬೇಕು. ನ್ಯೂಟ್ರಲ್‌ಗೂ ಅರ್ತ್‌ಗೂ ನಡುವೆ ಮುಳ್ಳು ಸೊನ್ನೆ ಬಿಟ್ಟು ಏಳಲಿಲ್ಲ. ಡಿಬಿಯ ಒಳಗೇ ಅರ್ತಿನ ಹಸಿರು ವೈರನ್ನು ನ್ಯೂಟ್ರಲ್ ಬಾರಿಗೆ ಲೂಪ್ ಹೊಡೆದಿದ್ದ.

ಬಲ್ಬು ಅಷ್ಟು ಚೆನ್ನಾಗಿ ಉರಿದದ್ದು ಅದಕ್ಕೇ. ಕರೆಂಟು ಭೂಮಿಗೆ ಹೋಗುತ್ತಿರಲಿಲ್ಲ, ನ್ಯೂಟ್ರಲ್ಲಿನಲ್ಲಿ ವಾಪಸ್ ಹೋಗುತ್ತಿತ್ತು. ಮಳೆಗಾಳಿಗೆ ಕಂಬದ ಮೇಲೆ ನ್ಯೂಟ್ರಲ್ ಕಿತ್ತುಬಂದರೆ, ಆನ್ ಇರುವ ಯಾವುದೋ ಒಂದು ಲೈಟಿನ ಮೂಲಕ ಗೀಸರ್, ಫ್ರಿಜ್, ಗ್ರೈಂಡರ್ ಎಲ್ಲದರ ಮೈಗೂ ಕರೆಂಟು ಹತ್ತುತ್ತದೆ. ಸ್ನಾನಕ್ಕೆ ಹೋದವರ ಗತಿ?

"ಅರ್ತ್ ಪಿಟ್ ಎಲ್ಲಪ್ಪ?" ತುಳಸಿಕಟ್ಟೆ ಪಕ್ಕದ ಸಿಮೆಂಟ್ ಮುಚ್ಚಳ ತೋರಿಸಿದರು. ಎತ್ತಿದೆ. ಜಿಐ ಪೈಪಿನ ತುದಿ, ಬೋಲ್ಟು, ತಂತಿ ಎಲ್ಲ ನೀಟಾಗಿತ್ತು. ಹಿಡಿದು ಅಲ್ಲಾಡಿಸಿದೆ, ಅಲ್ಲಾಡಿತು. ಎಳೆದೆ, ಮೂಲಂಗಿ ಕಿತ್ತ ಹಾಗೆ ಕೈಗೆ ಬಂತು. ಉದ್ದ ಒಂದು ಮೊಳ! ಪೈಪ್ 2.5 ಮೀಟರಿಗೆ ಕಮ್ಮಿ ಇರಬಾರದು ಅನ್ನುತ್ತದೆ ಅರ್ತಿಂಗಿನ ಮಾನದಂಡ ಐಎಸ್ 3043. ಇದ್ದಿಲಿಲ್ಲ, ಉಪ್ಪಿಲ್ಲ. ಮಿಕ್ಕ ಪೈಪ್ ಎಲ್ಲಿ ಅಂದರೆ ಮೇಸ್ತ್ರಿ ಆಕಾಶ ನೋಡಿದ. ಅವನ ಶೆಡ್ಡಿನ ಗೇಟಿಗೆ ಹೊಸ ಜಿಐ ಪೈಪ್ ಬಂದಿದ್ದನ್ನು ನಾನು ಕಂಡಿದ್ದೇನೆ, ಇರಲಿ.

ಪೈಪ್ ಕೈಯಲ್ಲಿ ಹಿಡಿದು ನಿಂತವನಿಗೆ ಸಿಕ್ಕಿದ್ದು ಶಭಾಷ್‌ಗಿರಿಯಲ್ಲ. "ಶುಭಕಾರ್ಯದ ಮನೇಲಿ ಹೀಗೆ ಕಿತ್ತು ಹಾಕಿದ್ರಲ್ಲ ಅಳಿಯಂದ್ರೇ" ಅಂದರು ಅತ್ತೆ. ಬಾಮೈದ ಬಣ್ಣದವರ ಎದುರಿಗೇ ಕೂಗಾಡಿದ: "ಒಂದು ಸಹಿ ಹಾಕೋಕೇನು ಕಷ್ಟ ಭಾವ? ಊರಲ್ಲಿ ಎಲ್ಲರೂ ಹಾಕ್ತಾರೆ." ಹೆಂಡತಿ ಬೈಕಿನಲ್ಲಿ ಮನೆ ಬರುವವರೆಗೂ ತುಟಿ ಬಿಚ್ಚಲಿಲ್ಲ. ನಾನು ಮಾತ್ರ ಅಲ್ಲಿಂದ ಹೊರಡುವ ಮುಂಚೆ ಕಟಿಂಗ್ ಪ್ಲೇಯರ್‌ನಲ್ಲಿ ಆ ಲೂಪ್ ಕತ್ತರಿಸಿ, ಗೀಸರ್ ಪಾಯಿಂಟಿನ ಎಂಸಿಬಿ ಇಳಿಸಿ ಟೇಪ್ ಸುತ್ತಿಯೇ ಬಂದೆ.

ಬೈಪಾಸ್ ತೆಗೆದು ಆರ್‌ಸಿಸಿಬಿಗೆ ವೈರ್ ಕೊಟ್ಟು, ಪಿಟ್ ಹೊಸದಾಗಿ ತೆಗೆಸಿದೆವು. ಒಣ ನೆಲ, ಒಂದು ಪೈಪಿಗೆ 11 ಓಮ್ ಬಂತು. ಇನ್ನೊಂದು ಪಿಟ್ ಹಾಕಿ ಎರಡನ್ನೂ ಸೇರಿಸಿದ ಮೇಲೆ 6.4. 30 ಮಿಲಿಆಂಪಿನ ಆರ್‌ಸಿಸಿಬಿ ಕೆಲಸ ಮಾಡುವ ಮನೆಗೆ ಅದು ಧಾರಾಳ ಸಾಕು. ಹಾಗೇ ಬರೆದು ಸಹಿ ಹಾಕಿದೆ.

ರಿಪೋರ್ಟ್ ಒಯ್ದು ಕೊಟ್ಟರೆ ವಿದ್ಯುತ್ ಕಚೇರಿಯ ಮಹಾಶಯರಿಗೆ ಆ ಅಂಕಿಯ ಮೇಲೇ ಅನುಮಾನ. "ಎಲ್ಲರದ್ದೂ 1 ಇರುತ್ತೆ, ನಿಮ್ಮದೇನ್ರೀ 6.4? ತಿದ್ದಿ ತನ್ನಿ." ಅವರ ಮೇಜಿನ ಮೇಲಿದ್ದ ಕಡತಗಳಲ್ಲಿ ಅದೇ ಜೆರಾಕ್ಸ್, ಅದೇ ಕೈಬರಹದ 1. ಬಂಡೆ ಮೇಲೆ ಕಟ್ಟಿದ ಮನೆಗೂ ಒಂದೇ, ಕೆರೆ ಅಂಗಳದ ಮನೆಗೂ ಒಂದೇ. ಸುಳ್ಳು ಬರೆಯುವವರಿಗಿಂತ ನನಗೆ ಸಿಟ್ಟು ಇಂಥವರ ಮೇಲೆ. ನಿಜ ಬರೆದವನ ಕಡತ ಮಾತ್ರ ಇವರ ಕಣ್ಣಿಗೆ ಬೀಳುತ್ತದೆ. ಮೀಟರ್ ತಂದು ಅಳೆದು ನೋಡಿ ಅಂದೆ. ಬರಲಿಲ್ಲ, ಕಡತವೂ ಏಳಲಿಲ್ಲ. ಗೃಹಪ್ರವೇಶ ತಾತ್ಕಾಲಿಕ ಕನೆಕ್ಷನ್ನಿನಲ್ಲೇ ನಡೆಯಿತು. ಆಮೇಲೆ ಮೇಲಿನವರಿಗೆ ಲಿಖಿತವಾಗಿ ಕೊಟ್ಟ ಮೇಲೆ 6.4ಕ್ಕೇ ಮಂಜೂರಾಯಿತು.

ಮನೆ ಕಟ್ಟಿಸುವವರು ಇಷ್ಟಾದರೂ ಮಾಡಿ. ಮೆಗರ್ ಹಿಡಿಯುವಾಗ ಪಕ್ಕದಲ್ಲಿ ನಿಂತು ಅಂಕಿ ನೋಡಿ, ರಿಪೋರ್ಟಿನ ಪ್ರತಿ ಇಟ್ಟುಕೊಳ್ಳಿ. ಆರ್‌ಸಿಸಿಬಿಯ ಬಟನ್ ನೀವೇ ಒತ್ತಿ. ಬಲ್ಬು ಉರಿಸಿ ತೋರಿಸಿದರೆ ನಂಬಬೇಡಿ. ಕಸುಬಿನವರಿಗೆ ನಾನು ಹೇಳಬೇಕಾದ್ದು ಇಷ್ಟೇ: ತುಂಬಿಸಿದ ಫಾರಂ ಯಾರೇ ತಂದರೂ, ಹೆಂಡತಿಯ ತಮ್ಮನೇ ತಂದರೂ, ಹರಿದು ಹಾಕಿ.

ಎರಡನೇ ಪಿಟ್ಟಿನ ಖರ್ಚು ಯಾರದ್ದು ಅನ್ನುವುದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಮೇಸ್ತ್ರಿಯ ಲೆಕ್ಕದಲ್ಲಿ ಹಿಡಿದುಕೊ ಅಂತ ನಾನು, ಸಹಿ ಹಾಕದೆ ಸತಾಯಿಸಿದವರು ಕೊಡಲಿ ಅಂತ ಬಾಮೈದ.