ಕಬ್ಬಿನ ಬಿಲ್ಲಿಗೆ ‘ಇಫ್’ ಸೂತ್ರ



ಕಬ್ಬಿನ ಬಿಲ್ಲನ್ನು ಮಡಚಿ ಪೆಟ್ಟಿಗೆಗೆ ಹಾಕುವ ಮುನ್ನ ಒಮ್ಮೆ ತಾಳೆ ನೋಡುವುದು ಒಳ್ಳೆಯದು. ಮಕ್ಕಳ ಕೈಯಲ್ಲಿರುವ ಕಂಪ್ಯೂಟರು ಅಥವಾ ಮೊಬೈಲಿನ ಸ್ಪ್ರೆಡ್‌ಶೀಟಿನಲ್ಲಿ ‘ಇಫ್’ ಎಂಬ ಒಂದು ಸೂತ್ರ ಕಲಿತರೆ ಸಾಕು. ‘ಇಫ್’ ಎಂದರೆ ‘ಹೀಗಿದ್ದರೆ’. ನೀರು ಕಟ್ಟುವವನು ಸಾಲು ತುಂಬಿದ್ದರೆ ಮಡೆ ತಿರುವುತ್ತಾನೆ, ಇಲ್ಲದಿದ್ದರೆ ಹಾಗೇ ಬಿಡುತ್ತಾನೆ. ಸೂತ್ರದ ಕೆಲಸವೂ ಅಷ್ಟೇ. ಕಂಸದೊಳಗೆ ಮೊದಲು ಷರತ್ತು, ನಂತರ ಅದು ನಿಜವಾದರೆ ಬರುವ ಉತ್ತರ, ಕೊನೆಗೆ ಸುಳ್ಳಾದರೆ ಬರುವ ಉತ್ತರ, ನಡುವೆ ಅಲ್ಪವಿರಾಮ.

ಮಡಕಶಿರ 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಆದರೆ ಎಫ್.ಆರ್.ಪಿ. ದರ ಗೊತ್ತುಮಾಡುವುದು ಕೇಂದ್ರ ಸರಕಾರವಾದ್ದರಿಂದ ಲೆಕ್ಕದ ರೀತಿ ಎರಡು ಕಡೆಗೂ ಒಂದೇ. 2025-26ರ ಹಂಗಾಮಿಗೆ ಶೇಕಡಾ 10.25 ಸಕ್ಕರೆ ಇಳುವರಿಗೆ ಕ್ವಿಂಟಾಲಿಗೆ 355 ರೂಪಾಯಿ. ಇಳುವರಿ 0.1 ಏರಿದರೆ 3.46 ರೂಪಾಯಿ ಹೆಚ್ಚು, ಇಳಿದರೆ ಅಷ್ಟೇ ಕಡಿಮೆ. ಆದರೆ ಇಳುವರಿ 9.5 ಅಥವಾ ಅದಕ್ಕೂ ಕೆಳಗಿದ್ದರೆ 329.05ಕ್ಕಿಂತ ಇಳಿಸಕೂಡದು. ಈ ‘ಆದರೆ’ಗೇ ‘ಇಫ್’ ಬೇಕಾಗುವುದು. ಇಳುವರಿ ಬಿ2 ಮನೆಯಲ್ಲಿದ್ದರೆ ದರದ ಮನೆ ಇ2ರಲ್ಲಿ ಹೀಗೆ ಬರೆಯಿರಿ (ಅಕ್ಷರಗಳನ್ನು ಇಂಗ್ಲಿಷಿನಲ್ಲಿ ಒತ್ತಬೇಕು):

=ಇಫ್(ಬಿ2<=9.5, 329.05, 355+(ಬಿ2-10.25)*34.6)

ಇಳುವರಿ 9.05 ಎಂದಿಟ್ಟುಕೊಳ್ಳಿ. ಷರತ್ತಿಲ್ಲದೆ ಬರೀ ಕಳೆಯುತ್ತಾ ಹೋದರೆ ದರ 313.48ಕ್ಕೆ ಇಳಿಯುತ್ತದೆ. 40 ಟನ್ನಿಗೆ ಅದು 6,228 ರೂಪಾಯಿ ಖೋತಾ! ಬಿ2ರಲ್ಲಿ ಬರೀ ಅಂಕಿ ಬರೆಯಿರಿ. ಶೇಕಡಾ ಚಿಹ್ನೆ ಹಾಕಿದರೆ ಯಂತ್ರ ಅದನ್ನು ನೂರರಿಂದ ಭಾಗಿಸಿ, ಎಂಥ ಒಳ್ಳೆಯ ಇಳುವರಿಗೂ 329.05 ಎಂದೇ ಹೇಳುತ್ತದೆ.

ಸಿ2ರಲ್ಲಿ ಟನ್ನು ಬರೆದು, ಎಫ್2ರಲ್ಲಿ =ಇ2*ಸಿ2*10 ಎಂದರೆ ಮೊತ್ತ ಬರುತ್ತದೆ. ಕಟಾವು, ಸಾಗಣೆಯ ಕಡಿತ ಬೇರೆ.

ಇನ್ನು ಬಡ್ಡಿಯ ಮಾತು. ಬೇರೆ ಲಿಖಿತ ಕರಾರು ಇಲ್ಲದಿದ್ದಲ್ಲಿ, ಕಬ್ಬು ಒಪ್ಪಿಸಿದ 14 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ವರ್ಷಕ್ಕೆ ಶೇಕಡಾ 15ರಂತೆ ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಒಪ್ಪಿಸಿದ ದಿನ ಎ2, ಹಣ ಬಂದ ದಿನ ಡಿ2:

=ಇಫ್(ಡಿ2-ಎ2>14, ಎಫ್2*0.15*(ಡಿ2-ಎ2-14)/365, 0)

ಮೇಲಿನ 40 ಟನ್ನಿನ ಹಣ 1,31,620 ರೂಪಾಯಿ 60ನೆಯ ದಿನ ಬಂದರೆ 46 ದಿನದ ಬಡ್ಡಿ 2,488 ರೂಪಾಯಿ.

ಇಲ್ಲೊಂದು ಮೋಸವಿದೆ. ಹಣ ಇನ್ನೂ ಬಾರದವನ ಡಿ2 ಖಾಲಿ. ಯಂತ್ರ ಖಾಲಿಯನ್ನು ಸೊನ್ನೆ ಎಂದು ಹಿಡಿಯುತ್ತದೆ, ಷರತ್ತು ಸುಳ್ಳಾಗುತ್ತದೆ, ಬಡ್ಡಿ ಸೊನ್ನೆ ಎಂದು ತೋರಿಸುತ್ತದೆ. ಅಂದರೆ ತಡವಾಗಿ ಪಡೆದವನಿಗೆ ಬಡ್ಡಿ ಉಂಟು, ಪಡೆಯದೇ ಕಾದವನಿಗೆ ಇಲ್ಲ! ಆದ್ದರಿಂದ ಎಚ್2ರಲ್ಲಿ ಹೀಗೆ ಬರೆಯಿರಿ:

=ಇಫ್(ಡಿ2="", ಟುಡೇ(), ಡಿ2)

ಡಿ2 ಖಾಲಿಯಿದ್ದರೆ ಇದು ಇಂದಿನ ತಾರೀಖು ಹಿಡಿಯುತ್ತದೆ. ಬಡ್ಡಿಯ ಸೂತ್ರದಲ್ಲಿ ಡಿ2 ಇದ್ದೆಡೆಯೆಲ್ಲ ಎಚ್2 ಎಂದು ತಿದ್ದಿಕೊಳ್ಳಿ. ಎ2ರಲ್ಲಿ ತೂಕದ ಚೀಟಿಯ ಮೇಲಿನ ತಾರೀಖನ್ನೇ ಬರೆಯತಕ್ಕದ್ದು, ಬಿಲ್ಲಿನ ತಾರೀಖನ್ನಲ್ಲ.