ತನಿಖೆ ನಡೆಯಲಿ, ಗುರುವಾರ ತಪ್ಪದಿರಲಿ

ಕೋವಿಡ್ ಲಸಿಕೆಯ ಬಗ್ಗೆ ತನಿಖೆ ಆಗಬೇಕು ಎಂದು ಯಾರಾದರೂ ಕೇಳಿದರೆ ಅವರ ಮೇಲೆ ರೇಗಬೇಡಿ. ಚುಚ್ಚಿಸಿಕೊಂಡವರು ನಾವು, ಕೇಳುವ ಹಕ್ಕೂ ನಮ್ಮದೇ. ಕೋವಿಶೀಲ್ಡ್ ಮಾದರಿಯ ಲಸಿಕೆಯಿಂದ ತೀರಾ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟಬಹುದು ಎಂದು 2024ರಲ್ಲಿ ಆಸ್ಟ್ರಾಜೆನೆಕಾ ಕಂಪನಿಯೇ ಬ್ರಿಟನ್ನಿನ ನ್ಯಾಯಾಲಯದಲ್ಲಿ ಒಪ್ಪಿಕೊಂಡಿತ್ತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕು.

ನನ್ನ ತಕರಾರು ಬೇರೆ. ನೀವು ಪ್ರಶ್ನೆ ಕೇಳಿಸಿಕೊಳ್ಳುತ್ತೀರಿ, ಉತ್ತರ ಬರುವ ಹೊತ್ತಿಗೆ ಎದ್ದು ಹೋಗಿರುತ್ತೀರಿ. 2025ರ ಜುಲೈ ನೆನಪಿದೆಯಲ್ಲ? ಹಾಸನದಲ್ಲಿ ಹೃದಯಾಘಾತದ ಸಾವುಗಳಾದವು. ಲಸಿಕೆಗೆ ಆತುರದಲ್ಲಿ ಒಪ್ಪಿಗೆ ಕೊಟ್ಟದ್ದೂ ಕಾರಣವಿರಬಹುದು ಎಂದರು ಮುಖ್ಯಮಂತ್ರಿ ಸಿದ್ದರಾಮಯ್ಯ. ಐಸಿಎಂಆರ್, ಏಮ್ಸ್ ಅಧ್ಯಯನಗಳಲ್ಲಿ ಅಂಥ ನಂಟು ಕಂಡಿಲ್ಲ ಎಂದಿತು ಕೇಂದ್ರ. ಆದರೆ ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನಕ್ಕೆ ಆ ಅನುಮಾನವೇ ಸಾಕಾಯಿತು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಉದ್ದುದ್ದ ಸಾಲು.

ಆಮೇಲೆ, ಇದನ್ನೇ ಪರಿಶೀಲಿಸಲು ರಾಜ್ಯ ಸರ್ಕಾರ ನೇಮಿಸಿದ್ದ ಡಾ. ಕೆ.ಎಸ್. ರವೀಂದ್ರನಾಥ್ ಸಮಿತಿಯ ವರದಿಯೂ ಬಂತು. ಅದನ್ನು ಎಷ್ಟು ಮಂದಿ ಓದಿದಿರಿ? ಬೆಂಗಳೂರಿನ ಜಯದೇವದಲ್ಲಿ 251 ಹೃದ್ರೋಗಿಗಳನ್ನು ವಿಚಾರಿಸಿ ನೋಡಿದ್ದರು. ಲಸಿಕೆಗೂ ಚಿಕ್ಕ ವಯಸ್ಸಿನ ಹೃದ್ರೋಗಕ್ಕೂ ನಂಟು ಸಿಗಲಿಲ್ಲ. ಅವರಲ್ಲಿ 111 ಮಂದಿ ಧೂಮಪಾನಿಗಳು, 102 ಮಂದಿಗೆ ಬಿಪಿ, 87 ಮಂದಿಗೆ ಸಕ್ಕರೆ ಕಾಯಿಲೆ. ಮೊಸರು ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿದ ಹಾಗೆ, ಸಿಗರೇಟಿನ ತಪ್ಪನ್ನು ಸೂಜಿಯ ಮೇಲೆ ಹೊರಿಸಬೇಡಿ. ಎದೆ ಹಿಂಡಿದರೆ ಗ್ಯಾಸ್ ಎಂದು ಸೋಡಾ ಕುಡಿದು ಮಲಗಬೇಡಿ. ತಕ್ಷಣ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯಜ್ಯೋತಿ ಯೋಜನೆಯಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನೂ ಉಚಿತವಾಗಿ ಕೊಡುತ್ತಾರೆ.

ನನಗೆ ನಿಜವಾಗಿ ಹೊಟ್ಟೆ ಉರಿದದ್ದು ನಮ್ಮ ಪಕ್ಕದ ಮನೆಯಲ್ಲಿ. ಬಾಣಂತಿ ಹುಡುಗಿ ಬಿಸ್ಕತ್ತಿನ ಡಬ್ಬಿಯಿಂದ ತಾಯಿ ಕಾರ್ಡ್ ತೆಗೆದು ತೋರಿಸಿದಳು. ಮಗುವಿನ ಲಸಿಕೆಯ ಆರು ವಾರ, ಹತ್ತು ವಾರದ ಸಾಲು ತುಂಬಿತ್ತು, ಹದಿನಾಲ್ಕನೆಯದು ಖಾಲಿ. "ಟೀವೀಲಿ ತನಿಖೆ ಅಂತಿದ್ರಲ್ಲ ಆಂಟಿ, ಮುಗೀಲಿ ಅಂತ ಬಿಟ್ಟೆ" ಅಂದಳು. ಆ ಮಾತು ದೊಡ್ಡವರ ಕೋವಿಡ್ ಲಸಿಕೆಯದು ತಾಯಿ, ಇದು ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಪೋಲಿಯೊ ತಡೆಯುವುದು. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುತ್ತಾರೆಯೇ?

ಭಯವಿದ್ದರೆ ಮಾಡುವ ಕೆಲಸ ಬೇರೆಯಿದೆ. ಚುಚ್ಚಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿ, ಬಸ್ಸು ತಪ್ಪುತ್ತದೆ ಎಂದು ಓಡಬೇಡಿ. ಮಗುವಿಗೆ ಮೊದಲೇ ಜ್ವರವಿದ್ದರೆ, ಹಿಂದಿನ ಸಲ ಫಿಟ್ಸ್ ಬಂದಿದ್ದರೆ ಮುಚ್ಚಿಡದೆ ಸಿಸ್ಟರಿಗೆ ಹೇಳಿ. ರಾತ್ರಿ ಮೈ ಬೆಚ್ಚಗಾದರೆ ಅವರು ಹೇಳಿದಷ್ಟೇ ಪ್ಯಾರಾಸಿಟಮಾಲ್ ಕೊಡಿ, ಚುಚ್ಚಿದ ಜಾಗಕ್ಕೆ ಎಣ್ಣೆ ತಿಕ್ಕಬೇಡಿ. ಮಗು ಸುಸ್ತಾಗಿ ಬಿದ್ದರೆ, ಗಂಟೆಗಟ್ಟಲೆ ಅಳು ನಿಲ್ಲದಿದ್ದರೆ ವಾಟ್ಸಾಪಿನಲ್ಲಿ ಹಂಚುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಬರೆದುಕೊಂಡರೆ ಅದು ಜಿಲ್ಲೆಗೆ ಹೋಗುತ್ತದೆ, ಗಂಭೀರವಾದರೆ ಸಮಿತಿ ಕಾರಣ ಹುಡುಕುತ್ತದೆ. ಬರೆಸದ ದೂರನ್ನು ಯಾವ ತನಿಖೆಯೂ ಎಣಿಸುವುದಿಲ್ಲ.

ಆ ಹುಡುಗಿಯನ್ನು ಲಸಿಕೆ ಹಾಕುವ ದಿನವಾದ ಮುಂದಿನ ಗುರುವಾರವೇ ಅಂಗನವಾಡಿಗೆ ಕರೆದುಕೊಂಡು ಹೋದೆ. ಸೂಜಿಗೆ ಕೂಸು ಕಿರುಚಿತು, ಎದೆಗೆ ಹಾಕಿಕೊಂಡದ್ದೇ ಸುಮ್ಮನಾಯಿತು. ಸಿಸ್ಟರ್ ಕಾರ್ಡಿನಲ್ಲಿ ತಾರೀಕು ಬರೆದು ಕೊಟ್ಟರು. ಇನ್ನು ಮಗುವಿಗೆ ಒಂಬತ್ತು ತಿಂಗಳು ತುಂಬಿದಾಗ ದಡಾರದ್ದು.